ಸುಕ್ಕು ಬಿಡಿಸಿಕೊಂಡ ಪಟ್ಟಿ

ಠಾಣೆ ಪಕ್ಕದ ಕಳವಾ ಸ್ಟೇಷನ್ನಿನಿಂದ ಖಾರೆಗಾಂವ್ ಕಡೆಗೆ ನಡೆದರೆ ಸೆಲೂನುಗಳಿಗೆ ಬರವಿಲ್ಲ. ಭಾನುವಾರ ಬೆಳಿಗ್ಗೆಯಂತೂ ಕೂರಲು ಜಾಗ ಸಿಗದು. ಎಸಿ ಇದೆ, ಟಿವಿ ಇದೆ, ಹತ್ತು ಬಗೆಯ ಕ್ರೀಮು ಇದೆ. ಕುರ್ಚಿಯ ಪಕ್ಕ ಕೊಕ್ಕೆಗೆ ನೇತಾಡುತ್ತಿದ್ದ, ಕತ್ತಿ ಮಸೆಯುವ ಚರ್ಮದ ಪಟ್ಟಿ ಮಾತ್ರ ಇಲ್ಲ. ಈಗೇನಿದ್ದರೂ ಬ್ಲೇಡನ್ನು ಅರ್ಧಕ್ಕೆ ಮುರಿದು ಹಿಡಿಗೆ ಸಿಕ್ಕಿಸುವುದು, ಗಡ್ಡವಾದ ಮೇಲೆ ಎಸೆಯುವುದು. 1986ರಲ್ಲಿ ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದ ಮೇಲೆ ಹುಟ್ಟಿದ ಎಚ್ಚರ, ಎಲ್ಲರ ಗಡ್ಡಕ್ಕೂ ಒಂದೇ ಕತ್ತಿ ಎಂಬ ಪದ್ಧತಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿತು. ಅದು ಒಳ್ಳೆಯದೇ ಆಯಿತು.

ಆ ಹಳೆಯ ಕತ್ತಿಗೆ ಠಾಣೆಯ ನಂಟೂ ಉಂಟು. ಠಾಣೆಯಲ್ಲಿ ಹುಟ್ಟಿದ, ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆಯವರ ಒತ್ತಾಸೆಯಿಂದ 1890ರಲ್ಲಿ ಮುಂಬೈಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ತೀರ್ಮಾನಿಸಿದರು. ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಕೊಡಿಸಿದವರೂ ಇದೇ ಲೋಖಂಡೆ, ಅದೇ ವರ್ಷ. ಭಾನುವಾರದ ಸೆಲೂನಿನ ನೂಕುನುಗ್ಗಲಿಗೆ ಅವರ ಪಾಲೂ ಇದೆಯೆಂದರೆ ತಪ್ಪಾಗದು.

ಅಂಗಡಿಯಿಂದ ಹೊರಬಿದ್ದ ಕತ್ತಿ ಈಗ ಮನೆಯೊಳಗೆ ಬಂದಿದೆ. ಹವ್ಯಾಸಕ್ಕೆ ಕತ್ತಿಯಲ್ಲೇ ಗಡ್ಡ ತೆಗೆದುಕೊಳ್ಳುವ ಹುಡುಗರಿದ್ದಾರೆ. ಸಾವಿರಾರು ರೂಪಾಯಿ ಕೊಟ್ಟು ತಂದ ಪಟ್ಟಿಯನ್ನು ಮಡಚಿ ಡ್ರಾಯರಿಗೆ ತುರುಕುತ್ತಾರೆ. ತಿಂಗಳಲ್ಲಿ ಅಡ್ಡಡ್ಡ ಗೆರೆ ಬಿದ್ದಿರುತ್ತದೆ. ಕಳವಾದಲ್ಲಿ ನೆಲೆಸಿರುವ, ಉಡುಪಿ ಕಡೆಯ ಹಿರಿಯ ಕ್ಷೌರಿಕರೊಬ್ಬರು ಇದಕ್ಕೆ ನಕ್ಕರು: "ಪಟ್ಟಿ ಮಡಚುವವನು ಕತ್ತಿಯನ್ನೂ ಮಡಚಿ ಒಳಗಿಡುವುದೇ ಒಳ್ಳೇದು ಮಾರಾಯ್ರೆ."

ಗೆರೆ ಬಿದ್ದರೇನಾಯಿತು ಅನ್ನಬಹುದು. ಸಾಣೆಕಲ್ಲು ಕತ್ತಿಗೆ ಬಾಯಿ ಕೊಡುತ್ತದೆ. ಬಳಸುತ್ತ ಬಳಸುತ್ತ ಅತ್ತಿತ್ತ ಬಾಗುವ ಆ ಬಾಯಿಯ ತೆಳು ಅಂಚನ್ನು ನೆಟ್ಟಗೆ ನಿಲ್ಲಿಸುವುದು ಪಟ್ಟಿಯ ಕೆಲಸ. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ಪಟ್ಟಿಯ ಕೊನೆ ಮುಟ್ಟಿದ ಮೇಲೆ ಬೆನ್ನಿನ ಮೇಲೇ ಮಗುಚಿ ವಾಪಸು ಎಳೆಯಬೇಕು. ಈ ಓಟದ ನಡುವೆ ಸುಕ್ಕು ಎದುರಾದರೆ ಕತ್ತಿ ಅಲ್ಲಿ ಹಾರುತ್ತದೆ, ಕಡಿದಾಗಿ ಬಂದು ಬೀಳುತ್ತದೆ, ಬಾಯಿ ದುಂಡಗಾಗುತ್ತದೆ. ಮರುದಿನ ಕೆನ್ನೆ ಉರಿದಾಗ ಬೈಗುಳ ಮಾತ್ರ ಕತ್ತಿಗೆ.

ಬಿಡಿಸುವ ಮೊದಲು ಸುಕ್ಕನ್ನು ನೋಡಬೇಕು. ನಯವಾದ ಮೇಲ್ಮೈ ಹೊರಗೆ ಬರುವಂತೆ ಪಟ್ಟಿಯನ್ನು ಸ್ವಲ್ಪವೇ ಬಾಗಿಸಿದಾಗ ಗೆರೆ ಮಾಯವಾದರೆ ಚರ್ಮ ಜೀವಂತವಾಗಿದೆ. ಗೆರೆ ಬಾಯಿಬಿಟ್ಟರೆ ನಾರೇ ಹರಿದಿದೆ, ಅದಕ್ಕೆ ಮದ್ದಿಲ್ಲ.

ಆ ಹಿರಿಯ ಕ್ಷೌರಿಕರು ಮಾಡಿ ತೋರಿಸಿದ್ದು ಹೀಗೆ. ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಪಟ್ಟಿಯ ಒರಟು ಹಿಂಬದಿಯನ್ನು ಒರೆಸಿದರು. ತೋಯಿಸಲಿಲ್ಲ, ತೇವ ಹಿಡಿಸಿದರು ಅಷ್ಟೇ. ಅರ್ಧ ಗಂಟೆ ಬಿಟ್ಟು, ನಯದ ಬದಿ ಮೇಲಾಗಿ ಕಡಪಾ ಕಲ್ಲಿನ ಮೇಲೆ ಹಾಸಿ, ಗಾಜಿನ ಬಾಟಲಿಯನ್ನು ಉದ್ದುದ್ದ ಉರುಳಿಸಿದರು; ಭಾರವೆಲ್ಲ ಅಂಗೈಯ ಬುಡದ್ದು. ಸುಕ್ಕಿನ ಹತ್ತಿರ ಬಂದಾಗ ಬಾಟಲಿ ನಿಧಾನವಾಯಿತು. ಆಮೇಲೆ ಎರಡು ತುದಿ ಹಿಡಿದು, ಹಿಂಬದಿಯನ್ನು ಮೇಜಿನ ದುಂಡನೆಯ ಅಂಚಿಗೆ ತಾಗಿಸಿ ಮೇಲೆ ಕೆಳಗೆ ಎಳೆದರು. ಕೊನೆಗೆ ಒಂದು ಕಿಲೋ ಅಕ್ಕಿಯ ಚೀಲ ಕಟ್ಟಿ ನೆರಳಲ್ಲಿ ತೂಗುಬಿಟ್ಟರು. ಉಳಿದ ಸಣ್ಣ ಗೆರೆಗೆ ಒಣಗಿದ ಮೇಲೆ 600 ನಂಬರಿನ ಪಾಲಿಶ್ ಪೇಪರು, ಅದೂ ಹಗುರವಾಗಿ.

ಇಸ್ತ್ರಿಪೆಟ್ಟಿಗೆ ಮಾತ್ರ ಬೇಡ. ಮರದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಒದ್ದೆಯಿದ್ದಾಗ 70–85 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಮುದುಡಿಕೊಳ್ಳುತ್ತದೆ. ಇಸ್ತ್ರಿ ಅದಕ್ಕಿಂತ ಎಷ್ಟೋ ಬಿಸಿ. ಕರಾವಳಿಯವರ ಕೈ ತಾನಾಗಿ ಕೊಬ್ಬರಿ ಎಣ್ಣೆಯ ಬಾಟಲಿಗೆ ಹೋಗುತ್ತದೆ, ಗೊತ್ತು. ಎಣ್ಣೆ ಹೆಚ್ಚಾದರೆ ಚರ್ಮ ಜೋಲುತ್ತದೆ, ಜೋತ ಪಟ್ಟಿಗೆ ಮತ್ತೆ ಸುಕ್ಕು. ದಿನಕ್ಕೊಮ್ಮೆ ಒಣಗಿದ ಅಂಗೈಯಿಂದ ಬಿಸಿಯೇರುವಂತೆ ತಿಕ್ಕಿದರೆ ಬೇಕಾದಷ್ಟು ಜಿಡ್ಡು ಕೈಯಿಂದಲೇ ಸಿಗುತ್ತದೆ.

ಹೊಸ ಪಟ್ಟಿ ಬೇಕೆಂದರೆ ಸ್ಲೋ ಲೋಕಲ್ ಹತ್ತಿ ಸಾಯನ್‌ನಲ್ಲಿ ಇಳಿದರೆ ಧಾರಾವಿಯ ಚರ್ಮದ ಅಂಗಡಿಗಳು ಹತ್ತಿರ. ಬ್ಯಾಗಿಗೆ ಹೊಲಿಯುವ ಮೆತ್ತನೆಯ ಕ್ರೋಮ್ ಚರ್ಮ ಹಿಗ್ಗುತ್ತದೆ, ತೇವಕ್ಕೂ ಬಾಟಲಿಗೂ ಬಗ್ಗುವುದಿಲ್ಲ. ತೊಗಟೆ ಹದದ್ದನ್ನೇ ಕೇಳಬೇಕು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವ ಕೊಲ್ಹಾಪುರಿ ಚಪ್ಪಲಿಯ ಚರ್ಮ ಇದೇ ಜಾತಿಯದು. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ.

ಪಟ್ಟಿಯ ಜಾಗ ಗೋಡೆಯ ಮೊಳೆ. ಪ್ರಯಾಣಕ್ಕೆ ಸುತ್ತಲೇಬೇಕಾದರೆ ನಯದ ಬದಿ ಹೊರಗಿರಲಿ, ಸುರುಳಿ ತೆಂಗಿನಕಾಯಿಗಿಂತ ದಪ್ಪಗಿರಲಿ. ಕತ್ತಿ ಎಳೆಯುವಾಗ ಎಡಗೈ ಸಡಿಲಬಾರದು. ಅರ್ಧಕ್ಕರ್ಧ ಸುಕ್ಕು ಅಲ್ಲೇ ಹುಟ್ಟುತ್ತದೆ. ಖಾಡಿಯ ಪಕ್ಕದ ಈ ಊರಲ್ಲಿ ಜೂನ್ ಬಂತೆಂದರೆ ಗೋಡೆಯೇ ಬೆವರುತ್ತದೆ, ಆಗ ಮೊಳೆಯನ್ನು ಗಾಳಿಯಾಡುವ ಒಳಗೋಡೆಗೆ ಬದಲಿಸಬೇಕು. ಬಚ್ಚಲುಮನೆ, ಪ್ಲಾಸ್ಟಿಕ್ ಚೀಲ ಎರಡೂ ಬೂಷ್ಟಿಗೆ ಕೊಟ್ಟ ಆಮಂತ್ರಣ.

ನಾರು ಹರಿದ ಪಟ್ಟಿಯನ್ನೂ ಎಸೆಯಬೇಕಿಲ್ಲ. ಗೆರೆಯಿಲ್ಲದ ತುಂಡನ್ನು ಕತ್ತರಿಸಿ, ಒಂದು ಅಡಿ ಉದ್ದದ ಸಪಾಟು ತೇಗದ ಹಲಗೆಗೆ ಅಂಟಿಸಿದರೆ ಕೈಯಲ್ಲಿ ಹಿಡಿದು ಮಸೆಯುವ ಪಟ್ಟಿ ಸಿದ್ಧ. ಹಲಗೆಯ ಮೇಲಿನ ಚರ್ಮ ಮಡಚಿಕೊಳ್ಳುವುದಿಲ್ಲ, ಎಡಗೈಯ ಬಿಗಿಯೂ ಬೇಡ. ಹೊಸಬರು ಅದರಿಂದಲೇ ಶುರು ಮಾಡುವುದು ಲೇಸು.