ಸುದ್ದಿಗೆ ದುಡ್ಡು ಕೊಡೋರು ಯಾರು?

ಒಂದು ಊರಲ್ಲಿ ಕೈಪಂಪು ಕೆಟ್ಟು ಆರು ತಿಂಗಳಾಗಿದೆ. ಇದು ಸುದ್ದಿಯಾ? ನಮ್ಮಂಥ ಚಾನೆಲ್‌ನವರನ್ನ ಕೇಳಿದರೆ, ಅಲ್ಲ. ಅದೇ ಕೈಪಂಪಿನ ಹತ್ತಿರ ಹೊಡೆದಾಟ ಆಗಿ ಯಾರದ್ದಾದ್ರೂ ತಲೆ ಒಡೆದರೆ ಆಗ ಕ್ಯಾಮೆರಾ ಹೋಗುತ್ತೆ, ಬ್ರೇಕಿಂಗ್ ನ್ಯೂಸ್ ಓಡುತ್ತೆ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತೆ, ಆದರೆ ನಿಜ.

ನಾವು ಸುದ್ದಿಯೇ ಅಲ್ಲ ಅಂತ ಬಿಟ್ಟಿದ್ದನ್ನೇ ಬಂಡವಾಳ ಮಾಡಿಕೊಂಡ ಒಬ್ಬ ಹೆಣ್ಣುಮಗಳಿದ್ದಾರೆ. ಹೆಸರು ಕವಿತಾ ದೇವಿ. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯ ಹಳ್ಳಿಯವರು. ದಲಿತ ಕುಟುಂಬ. ಹನ್ನೆರಡನೇ ವಯಸ್ಸಿಗೆ ಮದುವೆ. ಆ ವಯಸ್ಸಿನ ಮಕ್ಕಳು ಶಾಲೆಯಲ್ಲಿ ಕಲಿಯೋದನ್ನ ಈಕೆ ಹೆಂಗಸರಿಗಾಗಿ ನಡೀತಿದ್ದ ಕಲಿಕಾ ಕೇಂದ್ರದಲ್ಲಿ ಕಲಿತರು.

ಇಲ್ಲಿ ನಮಗೂ ಒಂದು ನಂಟಿದೆ ನೋಡಿ. ಮಹಿಳಾ ಸಮಾಖ್ಯ ಅನ್ನೋ ಕಾರ್ಯಕ್ರಮ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಎಂಬತ್ತರ ದಶಕದ ಕೊನೆಗೆ ಅದು ಶುರುವಾಗಿದ್ದು ಮೂರೇ ರಾಜ್ಯಗಳಲ್ಲಿ: ಕರ್ನಾಟಕ, ಗುಜರಾತ್, ಉತ್ತರ ಪ್ರದೇಶ. ಬಾಂದಾದಲ್ಲಿ ಆ ಕಾರ್ಯಕ್ರಮದ ಹೆಂಗಸರು ತೊಂಬತ್ತರ ದಶಕದಲ್ಲಿ ‘ಮಹಿಳಾ ಡಾಕಿಯಾ’ ಅನ್ನೋ ಸುದ್ದಿಹಾಳೆ ತರುತ್ತಿದ್ದರು. ಡಾಕಿಯಾ ಅಂದ್ರೆ ಅಂಚೆಯವರು. ಹೊಸದಾಗಿ ಅಕ್ಷರ ಕಲಿತವರೇ ಬರೆದು, ಚಿತ್ರ ಬಿಡಿಸಿ ತರುತ್ತಿದ್ದ ಹಾಳೆ ಅದು. ಮುಂದೆ ಅದು ನಿಂತುಹೋಯಿತು. ಆದರೆ ಓದುವ ರುಚಿ ಹತ್ತಿದ ಹೆಂಗಸರು ಸುಮ್ಮನಿರಲಿಲ್ಲ. ನಮ್ಮದೇ ಒಂದು ಪತ್ರಿಕೆ ಬೇಕು ಅಂದರು.

ಹಾಗೆ 2002ರಲ್ಲಿ ಚಿತ್ರಕೂಟ ಜಿಲ್ಲೆಯ ಕರ್ವಿಯಿಂದ ‘ಖಬರ್ ಲಹರಿಯಾ’ ಹೊರಬಂತು. ಬೆನ್ನಿಗೆ ನಿಂತಿದ್ದು ದೆಹಲಿಯ ನಿರಂತರ್ ಸಂಸ್ಥೆ. ಕಟ್ಟಿದವರಲ್ಲಿ ಕವಿತಾ ಒಬ್ಬರು, ಮೀರಾ ಜಾಟವ್ ಇನ್ನೊಬ್ಬರು. ಬರೆಯೋರು, ಸಂಪಾದಿಸೋರು, ಮಾರೋರು ಎಲ್ಲಾ ಹೆಂಗಸರೇ. ಭಾಷೆ? ಪುಸ್ತಕದ ಹಿಂದಿ ಅಲ್ಲ, ಅಲ್ಲಿನ ಜನರ ಮನೆಮಾತು ಬುಂದೇಲಿ. ಸುದ್ದಿ? ಕೆಟ್ಟ ಕೈಪಂಪು, ಬಾರದ ರೇಷನ್, ಸಿಗದ ಕೂಲಿ, ಡಾಕ್ಟರ್ ಇಲ್ಲದ ಆಸ್ಪತ್ರೆ, ದೂರು ಬರೆದುಕೊಳ್ಳದ ಠಾಣೆ.

2004ರಲ್ಲಿ ಚಮೇಲಿ ದೇವಿ ಜೈನ್ ಪ್ರಶಸ್ತಿ ಬಂತು, 2009ರಲ್ಲಿ ಯುನೆಸ್ಕೋದ ಕಿಂಗ್ ಸೆಜಾಂಗ್ ಸಾಕ್ಷರತಾ ಪ್ರಶಸ್ತಿ ಬಂತು. ಎಲ್ಲಾ ಸರಿ. ಆದರೆ ಪ್ರಶಸ್ತಿಯಿಂದ ಪತ್ರಿಕೆ ನಡೆಯುತ್ತಾ? ಇಲ್ಲೇ ಇರೋದು ಅಸಲಿ ಪ್ರಶ್ನೆ.

ಲೆಕ್ಕ ಹಾಕಿ. 2012ರ ಹೊತ್ತಿಗೆ ಬುಂದೇಲಿ, ಅವಧಿ, ಭೋಜ್‌ಪುರಿ, ಬಜ್ಜಿಕಾ ಅಂತ ಬೇರೆ ಬೇರೆ ಮಾತುಗಳ ಎಲ್ಲಾ ಆವೃತ್ತಿ ಸೇರಿ ಸುಮಾರು 6000 ಪ್ರತಿ. ಒಂದು ಪ್ರತಿಗೆ ಎರಡು ರೂಪಾಯಿ ಸಿಕ್ಕಿತು ಅಂತಲೇ ಇಟ್ಕೊಳ್ಳಿ. ವಾರಕ್ಕೆ 12 ಸಾವಿರ ರೂಪಾಯಿ. ಅದರಲ್ಲಿ ಕಾಗದ, ಮುದ್ರಣ, ಬಸ್ ಚಾರ್ಜು, ಸಂಬಳ ಎಲ್ಲಾ ಆಗಬೇಕು. ಸಾಧ್ಯವೇ ಇಲ್ಲ.

ಹಾಗಾದ್ರೆ ಸಣ್ಣ ಪತ್ರಿಕೆಗಳು ಏನು ಮಾಡ್ತವೆ? ನಮ್ಮ ಜಿಲ್ಲೆಗಳಲ್ಲೇ ನೋಡಿದ್ದೀರಿ. ಶಾಸಕರ ಹುಟ್ಟುಹಬ್ಬಕ್ಕೆ ಮುಖಪುಟದ ಜಾಹೀರಾತು. ಗುತ್ತಿಗೆದಾರರಿಂದ ಹಬ್ಬದ ಶುಭಾಶಯ. ಹಣ ಬಂತು, ಸರಿ. ಮಾರನೇ ದಿನ ಅದೇ ಗುತ್ತಿಗೆದಾರ ಹಾಕಿದ ರಸ್ತೆ ಕಿತ್ತುಹೋದರೆ ಬರೆಯೋಕಾಗುತ್ತಾ? ಕೆಲವರು ಬರೀತಾರೆ, ಮುಂದಿನ ಹಬ್ಬಕ್ಕೆ ಜಾಹೀರಾತು ಕಳ್ಕೊಳ್ತಾರೆ. ಇನ್ನೊಂದು ದಾರಿ ದೇಣಿಗೆ. ಅದರಲ್ಲಿ ಗುತ್ತಿಗೆದಾರನ ಹಂಗಿಲ್ಲ, ಆದರೆ ಕೊಡೋರು ನಿಲ್ಲಿಸಿದ ದಿನ ಪತ್ರಿಕೆಯೂ ನಿಲ್ಲುತ್ತೆ.

ಕವಿತಾ ಮತ್ತು ಸಂಗಾತಿಗಳು ಹಿಡಿದಿದ್ದು ಮೂರನೇ ದಾರಿ. ದೇಣಿಗೆಯನ್ನ ಒಂದೇಟಿಗೆ ಬಿಡಲಿಲ್ಲ, ಆದರೆ ಅದೊಂದನ್ನೇ ನಂಬಿಕೊಂಡು ಕೂರಲೂ ಇಲ್ಲ. ಚಂಬಲ್ ಮೀಡಿಯಾ ಅನ್ನೋ ಕಂಪನಿ ಕಟ್ಟಿದರು. ಅಚ್ಚು ನಿಲ್ಲಿಸಿ 2016ರ ಸುಮಾರಿಗೆ ಪೂರ್ತಿ ಮೊಬೈಲಿಗೆ ಹೋದರು. ಕೈಯಲ್ಲಿ ಸ್ಮಾರ್ಟ್‌ಫೋನ್ ಹಿಡಿದು ಗೊತ್ತಿಲ್ಲದ ಹೆಂಗಸರಿಗೆ ವಿಡಿಯೋ ಮಾಡೋದು ಕಲಿಸಿದರು. ಅದೇ ವರ್ಷ ಜಿಯೋ ಬಂದು ಡೇಟಾ ಅಗ್ಗವಾಯಿತು. ಕಾಗದ, ಮುದ್ರಣದ ಖರ್ಚು ಹೋಯಿತು. ಸಾವಿರಗಳಲ್ಲಿದ್ದ ಓದುಗರ ಜಾಗಕ್ಕೆ ಲಕ್ಷಗಳಲ್ಲಿ ನೋಡುಗರು ಬಂದರು. ಚಂದಾ ಕೊಟ್ಟು ಬೆಂಬಲಿಸುವ ವ್ಯವಸ್ಥೆಯನ್ನೂ ಮಾಡಿದರು. ನಮ್ಮ ಹಾಗೆ ಕ್ಯಾಮೆರಾ ಮುಂದೆ ಕೂತು ಕವಿತಾ ತಮ್ಮದೇ ಶೋ ನಡೆಸ್ತಾರೆ. ಎಡಿಟರ್ಸ್ ಗಿಲ್ಡ್ ಆಫ್ ಇಂಡಿಯಾದ ಸದಸ್ಯತ್ವವೂ ಸಿಕ್ಕಿತು.

ಇನ್ನು, ಆಸ್ಕರ್ ಕತೆ. ಇವರ ಮೇಲೆ ರಿಂಟು ಥಾಮಸ್ ಮತ್ತು ಸುಶ್ಮಿತ್ ಘೋಷ್ ಮಾಡಿದ ‘ರೈಟಿಂಗ್ ವಿತ್ ಫೈರ್’ ಸಾಕ್ಷ್ಯಚಿತ್ರ 2022ರಲ್ಲಿ ಆಸ್ಕರ್ ಅಂತಿಮ ಪಟ್ಟಿಗೆ ಹೋಯಿತು. ಬೇರೆ ಯಾರಾದ್ರೂ ಆಗಿದ್ದರೆ ಊರೆಲ್ಲಾ ಕಟೌಟು. ಇವರು ಏನು ಮಾಡಿದರು ಗೊತ್ತಾ? ಸಮಾರಂಭಕ್ಕೆ ಮೊದಲೇ ಒಂದು ಹೇಳಿಕೆ ಕೊಟ್ಟರು. ನಾವು ಒಂದೇ ಪಕ್ಷದ ಮೇಲೆ ವರದಿ ಮಾಡೋರು ಅನ್ನೋ ಹಾಗೆ ಚಿತ್ರ ತೋರಿಸಿದೆ, ಅದು ನಮ್ಮ ಪೂರ್ತಿ ಕತೆ ಅಲ್ಲ, ನಾವು ಎಲ್ಲರನ್ನೂ ಪ್ರಶ್ನೆ ಮಾಡೋರು ಅನ್ನೋದು ಅದರ ಸಾರ.

ಹಲವರಿಗೆ ಆಶ್ಚರ್ಯವಾಯಿತು. ನನಗೆ ಅನಿಸೋದು, ವ್ಯವಹಾರದ ದೃಷ್ಟಿಯಿಂದಲೂ ಅದು ಸರಿಯಾದ ಹೆಜ್ಜೆ. ಯಾಕೆ? ದಿಲ್ಲಿಯಲ್ಲಿ ಕೂತ ಆಂಕರ್‌ಗೆ ಪಕ್ಷದ ಮುದ್ರೆ ಬಿದ್ದರೂ ಟಿಆರ್‌ಪಿ ಬರಬಹುದು. ಆದರೆ ಹಳ್ಳಿಗೆ ನಡೆದುಕೊಂಡು ಹೋಗೋ ವರದಿಗಾರ್ತಿಗೆ? ‘ಇವಳು ಆ ಪಾರ್ಟಿಯವಳು’ ಅಂತ ಒಮ್ಮೆ ಮಾತು ಹಬ್ಬಿದರೆ ಅರ್ಧ ಊರಿನ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಆಕೆಯ ಅಂಗಡಿಯಲ್ಲಿರೋ ಸರಕು ಒಂದೇ, ನಂಬಿಕೆ. ಆಸ್ಕರ್ ಹೆಸರಿಗಿಂತ ಅದು ದೊಡ್ಡದು ಅಂತ ಅವರಿಗೆ ಅನಿಸಿರಬೇಕು.

ಈಗ ನಮ್ಮ ಕಡೆ ಬನ್ನಿ. ಇವತ್ತು ಯಾವ ತಾಲೂಕಿನಲ್ಲಾದರೂ ಒಬ್ಬ ಹುಡುಗಿ ಮೊಬೈಲ್ ಹಿಡಿದು ಯೂಟ್ಯೂಬ್ ಚಾನೆಲ್ ಶುರು ಮಾಡಬಹುದು. ಶುರು ಮಾಡೋದು ಸುಲಭ, ಐದು ವರ್ಷ ಉಳಿಸಿಕೊಳ್ಳೋದು ಕಷ್ಟ. ಅಂಥ ಹುಡುಗಿಗೆ ನಾನು ಹೇಳೋದಿಷ್ಟೇ: ತಾಯಿ, ಕ್ಯಾಮೆರಾ ಕೊಳ್ಳುವ ಮೊದಲು ಒಂದು ಲೆಕ್ಕದ ಪುಸ್ತಕ ಕೊಂಡುಕೋ. ಯಾರ ದುಡ್ಡು ಎಷ್ಟು ಬಂತು, ಯಾಕೆ ಬಂತು ಅಂತ ಬರೆದಿಡು. ಒಬ್ಬನೇ ಮನುಷ್ಯನಿಂದ ಅರ್ಧಕ್ಕಿಂತ ಜಾಸ್ತಿ ಬರ್ತಿದೆ ಅಂದ್ರೆ, ಚಾನೆಲ್ಲು ನಿನ್ನದಲ್ಲ, ಅವನದು.

ನೋಡೋ ನಮಗೂ ಒಂದು ಮಾತು. ಕೈಪಂಪಿನ ಸುದ್ದಿ ಬೇಕು ಅಂತೀವಿ, ಆದರೆ ಅದಕ್ಕೆ ತಿಂಗಳಿಗೆ ಐವತ್ತು ರೂಪಾಯಿ ಕೊಡೋಕೆ ಯೋಚನೆ ಮಾಡ್ತೀವಿ. ನಾವು ಕೊಡದಿದ್ದರೆ ಗುತ್ತಿಗೆದಾರ ಕೊಡ್ತಾನೆ. ಆಮೇಲೆ ಕೈಪಂಪು ಕೆಟ್ಟಿದ್ದನ್ನ ಯಾರೂ ತೋರಿಸಲ್ಲ ಅಂತ ದೂರಬೇಡಿ.