ಲೈಟು ಉರಿಯುತ್ತದೆ, ಗಾಡಿ ಯಾಕೆ ಸ್ಟಾರ್ಟ್ ಆಗಲ್ಲ?

ಮಕ್ಕಳೇ, ನಿಮ್ಮ ಊರಿನಲ್ಲಿ ಯಾರ ಮನೆಯ ಮುಂದಾದರೂ ಹಳೆಯ ಅಂಬಾಸಿಡರ್ ಕಾರು ನಿಂತಿದೆಯೇ? 1950ರ ದಶಕದ ಕೊನೆಯಿಂದ 2014ರ ವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಈ ಕಾರು, ರಾಯದುರ್ಗ–ಬಳ್ಳಾರಿ, ಮಡಕಶಿರ–ಹಿಂದೂಪುರ ರಸ್ತೆಗಳಲ್ಲಿ ಎಷ್ಟೋ ಮದುವೆ ದಿಬ್ಬಣಗಳನ್ನು ಹೊತ್ತಿದೆ. ಅದರೊಳಗೆ ಕಂಪ್ಯೂಟರ್ ಇಲ್ಲ. ಬ್ಯಾಟರಿ, ವೈರು, ಸ್ವಿಚ್ಚು, ಮೋಟಾರು, ಬಲ್ಬು ಅಷ್ಟೆ. ಅಂದರೆ, ನಿಮ್ಮ 10ನೇ ತರಗತಿಯ ವಿದ್ಯುತ್ ಪಾಠ ಇಡಿಯಾಗಿ ಬಾನೆಟ್ಟಿನ ಕೆಳಗಿದೆ!

ನಮ್ಮ ಮಾವನವರ ಹತ್ತಿರ ಇಂಥದೊಂದು ಕಾರಿತ್ತು. ಒಂದು ಬೆಳಗ್ಗೆ ಸೆಲ್ಫ್ ಹೊಡೆದರೆ "ಟಿಕ್" ಎಂದು ಸುಮ್ಮನಾಯಿತು. "ಬ್ಯಾಟ್ರಿ ಹೋಯ್ತು" ಎಂದರು ಎಲ್ಲರೂ. ಹೊಸದು ಹಾಕಿಸಿದರು, ಗಾಡಿ ಓಡಿತು. ನಾಲ್ಕೈದು ತಿಂಗಳಿಗೆ ಮತ್ತೆ ಅದೇ "ಟಿಕ್". ಇನ್ನೊಂದು ಬ್ಯಾಟರಿಗೆ ಸಾವಿರಾರು ರೂಪಾಯಿ ಎಣಿಸುವ ಹೊತ್ತಿಗೆ ಒಬ್ಬ ಹಳೆಯ ಎಲೆಕ್ಟ್ರಿಷಿಯನ್ ಬಂದ. ಟರ್ಮಿನಲ್ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿಮಾಡಿದ. ಗಾಡಿ ಒಂದೇ ಏಟಿಗೆ ಸ್ಟಾರ್ಟ್! ಹಾಗಾದರೆ ಮೊದಲ ಸಲ ಹೊಸ ಬ್ಯಾಟರಿಯಿಂದ ಸರಿಹೋಗಿದ್ದು ಹೇಗೆ? ಸ್ವಲ್ಪ ಯೋಚಿಸಿ, ಉತ್ತರ ಮುಂದಿದೆ.

ಲೆಕ್ಕ ಮಾಡಿ ನೋಡೋಣ

ಬ್ಯಾಟರಿಯ ಸೀಸದ ಕಂಬಕ್ಕೂ ಅದರ ಮೇಲಿನ ಟರ್ಮಿನಲ್ಲಿಗೂ ನಡುವೆ ಬಿಳಿ, ಹಸಿರು ಪುಡಿ ಕಟ್ಟುತ್ತದೆ. ಆ ಪುಡಿಯ ರೋಧ 0.1 ಓಮ್ ಎಂದಿಟ್ಟುಕೊಳ್ಳಿ. ತುಂಬಾ ಕಡಿಮೆ ಅನ್ನಿಸುತ್ತದಲ್ಲವೇ?

ಹೆಡ್‌ಲೈಟ್ ಬಲ್ಬು 60 ವ್ಯಾಟ್‌ನದು. 12 ವೋಲ್ಟ್‌ನಲ್ಲಿ ಅದು 5 ಆಂಪಿಯರ್ ಎಳೆಯುತ್ತದೆ. ಅಂದರೆ ಅದರ ರೋಧ 2.4 ಓಮ್. ಪುಡಿ ಸೇರಿ 2.5 ಓಮ್. ಈಗ ಹರಿಯುವುದು 12 ÷ 2.5 = 4.8 ಆಂಪಿಯರ್. ಬಲ್ಬಿಗೆ ಸುಮಾರು 11.5 ವೋಲ್ಟ್ ಸಿಕ್ಕೇ ಸಿಗುತ್ತದೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಈಗ ಸ್ಟಾರ್ಟರ್ ಮೋಟಾರು. ನಿಂತಿರುವ ಮೋಟಾರಿನ ರೋಧವೂ 0.1 ಓಮ್ ಎನ್ನಿ. ಪುಡಿ ಇಲ್ಲದಿದ್ದರೆ 12 ÷ 0.1 = 120 ಆಂಪಿಯರ್. ಪುಡಿ ಇದ್ದರೆ ಒಟ್ಟು 0.2 ಓಮ್, 60 ಆಂಪಿಯರ್ ಮಾತ್ರ. ಮೋಟಾರಿಗೆ ಸಿಗುವುದು 6 ವೋಲ್ಟ್. ವೋಲ್ಟೂ ಅರ್ಧ, ಆಂಪಿಯರೂ ಅರ್ಧ. ಶಕ್ತಿ ಕಾಲು ಭಾಗ! ಇಂಜಿನ್ ತಿರುಗೀತೆ? ಮಿಕ್ಕ 6 ವೋಲ್ಟ್ × 60 ಆಂಪಿಯರ್ = 360 ವ್ಯಾಟ್ ಆ ಪುಡಿಯಲ್ಲೇ ಶಾಖವಾಗುತ್ತದೆ. ಅದಕ್ಕೇ ಕೆಟ್ಟ ಟರ್ಮಿನಲ್ ಬಿಸಿಯಾಗಿರುತ್ತದೆ.

(ಬ್ಯಾಟರಿಯ ಒಳರೋಧವನ್ನು ಇಲ್ಲಿ ಬಿಟ್ಟಿದ್ದೇವೆ. ಲೆಕ್ಕ ಸುಲಭವಾಗಲಿ ಎಂದು.)

ಬ್ಯಾಟರಿ ಬದಲಿಸುವಾಗ ಟರ್ಮಿನಲ್ ಬಿಚ್ಚಿ ಮತ್ತೆ ಬಿಗಿಯುತ್ತಾರೆ. ಆಗ ಪುಡಿ ಉದುರುತ್ತದೆ. ಗಾಡಿ ಸರಿಹೋಗಿದ್ದು ಅದರಿಂದ; ಹೆಸರು ಬಂದದ್ದು ಹೊಸ ಬ್ಯಾಟರಿಗೆ. ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಫಲ ಬಂತೆಂದು ಹೇಳಲಾಗುವುದಿಲ್ಲ. ಪ್ರಯೋಗಶಾಲೆಯ ಈ ನಿಯಮ ಗ್ಯಾರೇಜಿಗೂ ಅನ್ವಯಿಸುತ್ತದೆ.

ದೋಷ ಹುಡುಕುವ ಕ್ರಮ

1. ಮೊದಲು ಬ್ಯಾಟರಿ. ಇದರಲ್ಲಿ 6 ಕೋಶಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ.

2. ಹೆಡ್‌ಲೈಟ್ ಹಾಕಿ, ಸೆಲ್ಫ್ ಹೊಡೆಯಿರಿ. ಲೈಟು ಪೂರಾ ಮಂಕಾದರೆ ಬ್ಯಾಟರಿಯಲ್ಲೋ ಅದರ ಟರ್ಮಿನಲ್ಲಿನಲ್ಲೋ ದೋಷ. ಅಪರೂಪಕ್ಕೆ ಮೋಟಾರೇ ಹಿಡಿದುಕೊಂಡಿರಬಹುದು. ಲೈಟು ಹಾಗೇ ಪ್ರಕಾಶವಾಗಿದ್ದು ಗಾಡಿ ಮಾತ್ರ ಸುಮ್ಮನಿದ್ದರೆ, ಸ್ಟಾರ್ಟರಿನ ಸ್ವಂತ ದಾರಿಯಲ್ಲಿ ದೋಷ.

3. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸೀಸದ ಕಂಬಕ್ಕೆ, ಇನ್ನೊಂದನ್ನು ಅದೇ ಕಂಬದ ಟರ್ಮಿನಲ್ಲಿಗೆ ಮುಟ್ಟಿಸಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಮೀಟರ್ ಸೊನ್ನೆಯ ಹತ್ತಿರ ಇರಬೇಕು. ಒಂದೋ ಎರಡೋ ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ! ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಕರೆಂಟೇ ಇಲ್ಲದಿದ್ದರೆ ವೋಲ್ಟ್ ಇಳಿಕೆಯೂ ಇಲ್ಲ.

4. ಆಮೇಲೆ ಅರ್ಥು. ಕಾರಿನಲ್ಲಿ ಬಲ್ಬಿಗೆ ಹೋಗುವುದು ಒಂದೇ ವೈರು. ವಾಪಸ್ಸಿನ ದಾರಿ ಕಾರಿನ ಕಬ್ಬಿಣದ ಮೈ. ಆದರೆ ಇಂಜಿನ್ ಕೂತಿರುವುದು ರಬ್ಬರಿನ ಮೇಲೆ, ರಬ್ಬರ್ ಅವಾಹಕ. ಅದಕ್ಕೇ ಇಂಜಿನ್ನಿಗೂ ಮೈಗೂ ನಡುವೆ ತಾಮ್ರದ ಹೆಣೆದ ಪಟ್ಟಿ ಇರುತ್ತದೆ. ಅದು ತುಂಡಾದರೆ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಚೋಕ್ ಕೇಬಲ್ ಕಾದು ಹೊಗೆಯಾಡುವುದೂ ಉಂಟು. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟು ಮಿಣಮಿಣ ಅನ್ನುವುದೂ ಹೆಚ್ಚಾಗಿ ಅರ್ಥಿನ ದೋಷವೇ.

5. ಓಡುವಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ. ಗಾಡಿ ನಿಲ್ಲಿಸಿ ಫ್ಯಾನ್ ಬೆಲ್ಟ್ ನೋಡಿ. ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹರಿದಿದ್ದರೆ ಇಂಜಿನ್ ಕಾದು ಹಾಳಾಗುತ್ತದೆ.

ಇವನ್ನು ಮರೆಯಬೇಡಿ

ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಒಳಗಿರುವುದು ಸಲ್ಫ್ಯೂರಿಕ್ ಆಮ್ಲ. ಉಂಗುರ, ಕಡಗ ತೆಗೆದಿಡಿ. ಟರ್ಮಿನಲ್ ಬಿಚ್ಚುವಾಗ ಅರ್ಥಿನದು ಮೊದಲು, ಹಾಕುವಾಗ ಅದು ಕೊನೆಗೆ. ಅಡುಗೆ ಸೋಡಾ ಕಲಸಿದ ನೀರು ಆಮ್ಲದ ಪುಡಿಯನ್ನು ತಟಸ್ಥಗೊಳಿಸುತ್ತದೆ. ಬ್ಯಾಟರಿಯ ಒಳಗೆ ಮಾತ್ರ ಅದು ಹೋಗಬಾರದು. ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ತುಂಬಾ ಹಳೆಯ ಕೆಲವು ಬ್ರಿಟಿಷ್ ಕಾರುಗಳಲ್ಲಿ ಮೈಗೆ ಜೋಡಿಸುವುದು ಧನ ಧ್ರುವವನ್ನು! ಕೆಲವು ಕಾರುಗಳದು 6 ವೋಲ್ಟ್ ಬ್ಯಾಟರಿ. ಮೊದಲು ನೋಡಿ, ಆಮೇಲೆ ಮುಟ್ಟಿ.

ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಹಾಳೆ ಸುತ್ತುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಫ್ಯೂಸಿನ ಬದಲು ವೈರೇ ಸುಡುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಪೈಪಿದೆ ಎಂಬುದು ನೆನಪಿರಲಿ.

ನೀವೇ ಮಾಡಿ

ಎರಡು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬು, ವೈರು, ಒಂದು ತುಕ್ಕು ಹಿಡಿದ ಮೊಳೆ ತನ್ನಿ. ಮೊಳೆಯನ್ನೂ ಸೇರಿಸಿ ಸರಣಿಯಲ್ಲಿ ಜೋಡಿಸಿ. ಬಲ್ಬು ನೋಡಿ. ನಂತರ ಮೊಳೆಯ ಎರಡು ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಜೋಡಿಸಿ. ಬೇರೆ ಏನನ್ನೂ ಬದಲಿಸಬೇಡಿ. ಏನಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಆ ಎಲೆಕ್ಟ್ರಿಷಿಯನ್ ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ಇಷ್ಟೇ: "ಕರೆಂಟು ಬಂದ್ರೆ ಸಾಲ್ದು ಸಾರ್, ವಾಪಸ್ ಹೋಗಾಕೂ ದಾರಿ ಬೇಕು." ಮಂಡಲ ಪೂರ್ಣವಾಗಿರಬೇಕು ಎಂದು ನಿಮ್ಮ ಪುಸ್ತಕ ಹೇಳುವುದೂ ಅದನ್ನೇ.