ನೂರು ನ್ಯಾನೋಮೀಟರ್ ಪದರಕ್ಕೆ ಒಂದು ಹಳೆ ಕಂಪ್ಯೂಟರ್ ಫ್ಯಾನು

ನಮ್ಮ ಜೇಬಿನಲ್ಲಿರೋ ಫೋನಿನ ಅಮೋಲೆಡ್ ಪರದೆಯಲ್ಲಿ ನಿಜವಾಗಿ ಬೆಳಕು ಕೊಡೋ ಭಾಗ ಎಷ್ಟು ದಪ್ಪ ಇರಬಹುದು? ಎಲ್ಲ ಸಾವಯವ ಪದರಗಳನ್ನು ಸೇರಿಸಿದರೂ ಕೆಲವು ನೂರು ನ್ಯಾನೋಮೀಟರ್ ಅಷ್ಟೇ. ಉಳಿದದ್ದೆಲ್ಲ ಗಾಜು, ತಂತಿ, ಮುಚ್ಚಳ. ಅಷ್ಟು ತೆಳು ಅಂದ್ರೆ ಕಣ್ಣಿಗೆ ಕಟ್ಟೋದಿಲ್ಲ, ಅದಕ್ಕೇ ಊರಿನದೇ ಉದಾಹರಣೆ ಕೊಡ್ತೀವಿ. ಸುರಪುರದ ಹಳೆ ಕಿರುಚಿತ್ರಗಳಲ್ಲಿ ಚಿನ್ನದ ಕೆಲಸ ನೋಡಿರಬಹುದು. ಬಡಿದು ಬಡಿದು ತೆಳುವಾಗಿಸಿದ ಚಿನ್ನದ ರೇಕು ಸುಮಾರು 100 ನ್ಯಾನೋಮೀಟರ್ ದಪ್ಪ ಇರ್ತದೆ. ಅಂದ್ರೆ ಈ ಅಳತೆಯ ಪದರವನ್ನು ಸುತ್ತಿಗೆ ಹಿಡಿದ ಕೈಗಳೇ ಎಷ್ಟೋ ಶತಮಾನದಿಂದ ಮಾಡ್ತಾ ಬಂದಿವೆ.

ನಾವು ಮೂವರು ಯಾದಗಿರಿ, ಶಹಾಪುರ, ಸುರಪುರದವರು. 'ಇಂಥದ್ದಕ್ಕೆಲ್ಲ ಕ್ಲೀನ್‌ರೂಮ್ ಬೇಕು, ನಿಮ್ಮ ಬಿಸಿಲು ಧೂಳಿನ ಊರಲ್ಲಿ ಆಗೋ ಮಾತಲ್ಲ' ಅನ್ನೋದನ್ನ ಬಹಳ ಸಲ ಕೇಳಿದ್ದೀವಿ. ಅದು ಎಷ್ಟು ನಿಜ, ಎಷ್ಟು ಸುಳ್ಳು ಅಂತ ಲೆಕ್ಕ ಹಾಕೋದೇ ಈ ಲೇಖನ.

ಮೊದಲು ಕೆಲಸ ಹೇಗೆ ನಡೀತದೆ ಅಂತ ನೋಡೋಣ. ಎರಡು ಎಲೆಕ್ಟ್ರೋಡುಗಳ ನಡುವೆ ಸಾವಯವ ಪದರ. ಒಂದು ಕಡೆಯಿಂದ ಎಲೆಕ್ಟ್ರಾನ್, ಇನ್ನೊಂದು ಕಡೆಯಿಂದ ಹೋಲ್ ಒಳಗೆ ಬರ್ತವೆ. ನಡುವೆ ಎರಡೂ ಕೂಡಿದಾಗ ಅಣು ಉದ್ರೇಕಗೊಂಡು, ಮತ್ತೆ ತಣ್ಣಗಾಗುವಾಗ ಬೆಳಕು ಬಿಡ್ತದೆ. ಬೆಳಕು ಹೊರಗೆ ಬರೋಕೆ ಒಂದು ಎಲೆಕ್ಟ್ರೋಡ್ ಪಾರದರ್ಶಕ ಆಗಿರಲೇಬೇಕು. ಅದಕ್ಕೇ ಗಾಜಿನ ಮೇಲೆ ಇಂಡಿಯಂ ಟಿನ್ ಆಕ್ಸೈಡ್, ಅಂದ್ರೆ ಐಟಿಒ ಲೇಪ ಬಳಸ್ತಾರೆ. ಪದರ ತೆಳು ಯಾಕೆ ಅಂದ್ರೆ, ಸಾವಯವ ವಸ್ತುಗಳಲ್ಲಿ ವಿದ್ಯುತ್ ಬಹಳ ನಿಧಾನಕ್ಕೆ ಸಾಗ್ತದೆ. ದಪ್ಪ ಮಾಡಿದರೆ ನೂರಾರು ವೋಲ್ಟ್ ಬೇಕಾಗ್ತದೆ.

1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್‌ಸ್ಲೈಕ್ ಎರಡು ಪದರದ ಸಾಧನ ಮಾಡಿ 10 ವೋಲ್ಟಿಗಿಂತ ಕಡಿಮೆಯಲ್ಲಿ ಬೆಳಕು ತಂದರು. ಆದರೆ ಅವರ ದಾರಿ ನಿರ್ವಾತದಲ್ಲಿ ಕಾಯಿಸಿ ಆವಿ ಮಾಡಿ ಕೂರಿಸೋದು. ಆ ಯಂತ್ರದ ಬೆಲೆ ಲಕ್ಷಗಳಲ್ಲಿ. 1990ರಲ್ಲಿ ಕೇಂಬ್ರಿಡ್ಜಿನ ತಂಡ ಪಾಲಿಮರ್ ಒಂದನ್ನು ದ್ರಾವಣದಿಂದಲೇ ಗಾಜಿನ ಮೇಲೆ ಹರಡಿ, ಕಾಯಿಸಿ ಬೆಳಗಿಸಿತು. ನಮ್ಮಂಥವರಿಗೆ ಬಾಗಿಲು ತೆಗೆದದ್ದು ಇದೇ. ಕರ್ನಾಟಕದ ಪಾಲೂ ಇದೆ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳ ದ್ರವಹರಳನ್ನು ಕಂಡುಹಿಡಿದರು. ಬುಟ್ಟಿಯಲ್ಲಿ ರೊಟ್ಟಿ ಪೇರಿಸಿಟ್ಟ ಹಾಗೆ ಆ ಅಣುಗಳು ಒಂದರ ಮೇಲೊಂದು ಕೂತು ಕಂಬ ಆಗ್ತವೆ. ಅಂಥ ಕಂಬದ ಉದ್ದಕ್ಕೆ ವಿದ್ಯುದಾವೇಶ ಸಲೀಸಾಗಿ ಸಾಗ್ತದೆ ಅಂತ ಆಮೇಲೆ ಗೊತ್ತಾಗಿ, ಸಾವಯವ ಎಲೆಕ್ಟ್ರಾನಿಕ್ಸಿನವರು ಈ ಕುಟುಂಬದ ಹಿಂದೆ ಬಿದ್ದರು.

ಈಗ ಫ್ಯಾನಿನ ಮಾತು. ದ್ರಾವಣವನ್ನು ಗಾಜಿನ ಮೇಲೆ ಹನಿಸಿ ಜೋರಾಗಿ ತಿರುಗಿಸಿದರೆ ಬಹುಪಾಲು ಹೊರಗೆ ಹಾರಿಹೋಗಿ, ಉಳಿದದ್ದು ಒಣಗಿ ಸಮನಾದ ಪದರ ಆಗ್ತದೆ. ಇದೇ ಸ್ಪಿನ್ ಕೋಟಿಂಗ್. ದಪ್ಪವು ತಿರುಗೋ ವೇಗದ ವರ್ಗಮೂಲಕ್ಕೆ ವಿಲೋಮವಾಗಿರ್ತದೆ. ವೇಗ ನಾಲ್ಕು ಪಟ್ಟಾದರೆ ದಪ್ಪ ಅರ್ಧ. ಹಳೆ ಡೆಸ್ಕ್‌ಟಾಪಿನ 12 ವೋಲ್ಟ್ ಫ್ಯಾನು ನಿಮಿಷಕ್ಕೆ 2000 ಸುತ್ತು ಸುಲಭವಾಗಿ ಹಾಕ್ತದೆ. ಅದರ ಮೂರನೇ ತಂತಿ ವೇಗವನ್ನೂ ಹೇಳ್ತದೆ, ಆರ್ಡುಯಿನೋಗೆ ಜೋಡಿಸಿದರೆ ಸಾಕು. ನಡುಮಧ್ಯೆ ಡಬಲ್ ಟೇಪಿನಿಂದ ಗಾಜು ಅಂಟಿಸಿ, ಸುತ್ತ ಡಬ್ಬಿ ಇಡಿ. ಇಲ್ಲದಿದ್ದರೆ ಶರ್ಟ್ ಮೇಲೂ ಪದರ ಬೀಳ್ತದೆ. ದ್ರಾವಣ ದುಬಾರಿಯಾದರೆ ಬ್ಲೇಡ್ ಕೋಟಿಂಗ್ ಒಳ್ಳೇದು, ಹಂಚಿನ ಮೇಲೆ ದೋಸೆ ಎಳೆದ ಹಾಗೆ, ಹೆಚ್ಚೇನೂ ಪೋಲಾಗಲ್ಲ. ಆದರೆ ಅದಕ್ಕೆ ಕೈ ಪಳಗಬೇಕು.

ನಮ್ಮೂರಿನ ತೊಂದರೆ ಇರೋದು ಇಲ್ಲಿ. ಶಹಾಪುರದ ಕಡೆ ಹತ್ತಿ ಬಿಡಿಸೋ ಕಾಲಕ್ಕೆ ಗಾಳಿಯಲ್ಲಿ ನೂಲಿನ ಎಳೆ, ಬೇಸಿಗೆಯಲ್ಲಿ ಮಣ್ಣು. 10 ಮೈಕ್ರಾನಿನ ಒಂದು ಧೂಳಿನ ಕಣ ನಮ್ಮ ಪದರದ ನೂರು ಪಟ್ಟು ಎತ್ತರ. ಅಂಗಳಕ್ಕೆ ಹಾಸಿದ ಚಾದರದ ಕೆಳಗೆ ಬಂಡೆ ಸಿಕ್ಕಿದ ಹಾಗೆ! ಅಲ್ಲಿ ತೂತು ಬಿದ್ದು ಮೇಲಿನ ಲೋಹ ನೇರ ಐಟಿಒಗೆ ತಾಗಿದರೆ ಶಾರ್ಟ್. ಇನ್ನು ಬಿಸಿಲು. ಕ್ಲೋರೋಫಾರ್ಮ್ 61 ಡಿಗ್ರಿಗೇ ಕುದೀತದೆ. ಮೇ ತಿಂಗಳ 42 ಡಿಗ್ರಿಯಲ್ಲಿ ಅದು ಹರಡೋಕೆ ಮುಂಚೇನೇ ಹಾರಿ, ಪದರದಲ್ಲಿ ಗೆರೆ ಬೀಳ್ತವೆ. ಅದರ ಆವಿ ಕುಡಿಯೋದಂತೂ ಬೇಡ.

ಹಾಗಾಗಿ ನಾವು ಮಾಮೂಲಿ ಓಎಲ್‌ಇಡಿ ಬಿಟ್ಟು ಬೇರೆ ಸಾಧನ ಆರಿಸಿಕೊಂಡಿದ್ದೀವಿ: ಬೆಳಕು ಕೊಡೋ ಎಲೆಕ್ಟ್ರೋಕೆಮಿಕಲ್ ಸೆಲ್. ಇದರ ಪದರದಲ್ಲಿ ರುಥೇನಿಯಂನ ಒಂದು ಕಿತ್ತಳೆ ಬಣ್ಣದ ಸಂಯುಕ್ತ, ಜೊತೆಗೆ ಓಡಾಡೋ ಅಯಾನುಗಳು ಇರ್ತವೆ. ವೋಲ್ಟೇಜ್ ಕೊಟ್ಟ ಕೂಡಲೇ ಅಯಾನುಗಳು ಎಲೆಕ್ಟ್ರೋಡುಗಳ ಹತ್ತಿರ ಸರಿದು ಗುಂಪುಗೂಡಿ, ಆವೇಶ ಒಳಗೆ ನುಗ್ಗೋ ದಾರಿ ಸುಲಭ ಮಾಡ್ತವೆ. ಹೀಗಾಗಿ ಗಾಳಿ ತಾಗಿದರೆ ಕೆಡೋ ಕ್ಯಾಲ್ಸಿಯಂನಂಥ ಲೋಹ ಬೇಕಿಲ್ಲ, ಪದರ ಸ್ವಲ್ಪ ದಪ್ಪಗಿದ್ದರೂ ನಡೀತದೆ. ದಪ್ಪ ಇದ್ದಷ್ಟೂ ಧೂಳಿನ ಕಾಟ ಕಡಿಮೆ. ಅಮೆರಿಕದ ಕಾಲೇಜುಗಳಲ್ಲಿ ಇದನ್ನು ಪಾಠದ ಪ್ರಯೋಗವಾಗಿಯೇ ಮಾಡಿಸ್ತಾರೆ. ಸಂಯುಕ್ತವನ್ನು ಪಾಲಿವಿನೈಲ್ ಆಲ್ಕೋಹಾಲ್ ಬೆರೆತ ನೀರಿನಲ್ಲಿ ಕರಗಿಸ್ತಾರೆ, ಕ್ಲೋರೋಫಾರ್ಮಿನ ಗೊಡವೆಯೇ ಇಲ್ಲ. ಮೇಲಿನ ಎಲೆಕ್ಟ್ರೋಡ್ ಗ್ಯಾಲಿಯಂ-ಇಂಡಿಯಂ ಮಿಶ್ರಲೋಹದ ಒಂದು ಹನಿ, ಅದು ಕೋಣೆಯ ಉಷ್ಣತೆಯಲ್ಲೇ ದ್ರವ. (ಶುದ್ಧ ಗ್ಯಾಲಿಯಂ ಕರಗೋದು ಸುಮಾರು 30 ಡಿಗ್ರಿಗೆ. ಯಾದಗಿರಿಯ ಬೇಸಿಗೆಯಲ್ಲಿ ಅದನ್ನ ಗಟ್ಟಿಯಾಗಿ ನೋಡಬೇಕು ಅಂದ್ರೆ ಫ್ರಿಜ್ ಬೇಕು!) ನಿರ್ವಾತ ಯಂತ್ರದ ಮಾತೇ ಇಲ್ಲ.

ಐಟಿಒ ಗಾಜು ಎಲ್ಲಿಂದ? ಕೊಳ್ಳಬಹುದು. ಇಲ್ಲಾಂದ್ರೆ ರಿಪೇರಿ ಅಂಗಡಿಯಲ್ಲಿ ಒತ್ತಿದರೆ ಮಾತ್ರ ಕೆಲಸ ಮಾಡ್ತಿದ್ದ ಹಳೆ ಕಾಲದ ಟಚ್ ಪರದೆ ಹುಡುಕಿ. ಅದರ ಕೆಳಗಿನ ಗಾಜಿಗೆ ಐಟಿಒ ಒಂದೇ ಸಮ ಬಳಿದಿರ್ತದೆ. ಈಗಿನ ಫೋನಿನದ್ದು ಬೇಡ, ಅದರಲ್ಲಿ ಲೇಪವನ್ನು ಪಟ್ಟಿ ಪಟ್ಟಿಯಾಗಿ ಕೊರೆದಿರ್ತಾರೆ. ಸೋಪು, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆಯಿರಿ. ಕೆಲಸಕ್ಕೆ ಬೆಳಗಿನ ಜಾವ ಒಳ್ಳೇದು, ಗಾಳಿ ಏಳೋಕೆ ಮುಂಚೆ, ಕೋಣೆಯ ಫ್ಯಾನ್ ಬಂದ್ ಮಾಡಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇದು ಅಗ್ಗ ಅನ್ನೋದಕ್ಕೂ ಮಿತಿ ಇದೆ. ರುಥೇನಿಯಂ ದುಬಾರಿ ಲೋಹ, ಪುಣ್ಯಕ್ಕೆ ಒಂದು ಗಾಜಿಗೆ ಕೆಲವೇ ಮಿಲಿಗ್ರಾಂ ಸಾಕು. ಗಾಳಿಯ ತೇವ ತಾಗಿ ಬೆಳಕು ಬೇಗ ಕುಂದುತ್ತದೆ, ಇದರಿಂದ ದೀಪ ಮಾರೋ ಕಂಪನಿ ತೆಗೆಯೋಕಾಗಲ್ಲ. ಆದರೆ ಪದರದ ದಪ್ಪ, ವೇಗ, ವೋಲ್ಟೇಜ್, ಆಯುಷ್ಯ ಎಲ್ಲವನ್ನೂ ನಮ್ಮದೇ ಲ್ಯಾಬಿನ ಬೆಂಚಿನ ಮೇಲೆ ಅಳೀಬಹುದು. ಕೇಳಿಸಿಕೊಂಡ ಮಾತಿನಲ್ಲಿ ಅರ್ಧ ಸುಳ್ಳು ಇಲ್ಲೇ ಬಿತ್ತು.

ಬೆಳಗಿಸುವಾಗ ಐಟಿಒಗೆ ಪ್ಲಸ್, ಹನಿಗೆ ಮೈನಸ್. 3 ವೋಲ್ಟಿನಿಂದ ಶುರು ಮಾಡಿ, ಸುಮಾರು 5ಕ್ಕೆ ನಿಲ್ಲಿಸಿ. ತಕ್ಷಣ ಏನೂ ಕಾಣಲಿಲ್ಲ ಅಂತ ವೋಲ್ಟೇಜ್ ಏರಿಸಬೇಡಿ, ಅಯಾನುಗಳು ಸರಿದು ಕೂರೋಕೆ ಹೊತ್ತು ಬೇಕು. ಕೋಣೆ ಕತ್ತಲು ಮಾಡಿ, ಗಾಜನ್ನ ಕೆಳಗಿನಿಂದ ನೋಡಿ. ಬೆಳಕು ಕಿತ್ತಳೆ-ಕೆಂಪು ಬಣ್ಣದ್ದು, ಹನಿ ಇರೋ ಜಾಗದಷ್ಟೇ ಅಗಲ.